ನೊಕ್ಕಯ್ಯನ ಕೆರೆ, ದಿವಾಕರನಂದಿಯ ಕನ್ನಡ



ವಿಶ್ವವಿದ್ಯಾಲಯದ ನಿರ್ವಹಣಾ ವಿಭಾಗಕ್ಕೆ ಹಳೆಯ ವಿದ್ಯಾರ್ಥಿಗಳು ಕೊಡುವ ಕೊಡುಗೆ, ಅಲ್ಲಿನ ಅಧ್ಯಾಪಕರು ಪತ್ರಿಕೆ ಮತ್ತು ಟಿವಿಯಲ್ಲಿ ಆಡುವ ಮಾತು, ಈ ಎರಡರ ಬಗ್ಗೆ ಮಾತಾಡಿ ಎಂದು ಈ ದತ್ತಿ ಉಪನ್ಯಾಸದ ಸಂಚಾಲಕರು ಹೇಳಿದಾಗ, ಇವು ಎರಡು ಉಪನ್ಯಾಸದ ವಿಷಯಗಳಲ್ಲವೇ ಎಂದು ಕೇಳಿದ್ದೆ. ವಿಶ್ವವಿದ್ಯಾಲಯಗಳಲ್ಲಿ ಇವಕ್ಕೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಕಡತ. ಒಂದು ಕಡೆ ಹಣ ಬರುತ್ತದೆ, ಇನ್ನೊಂದು ಕಡೆಯಿಂದ ಹೆಸರು ಹೊರಗೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಹುಂಚದ ಪಂಚಬಸದಿಯ ಅಂಗಳದಲ್ಲಿ ಒಂದು ಗಂಟೆ ಕೂತೆ. ಈ ಊರಿನ ಮಟ್ಟಿಗೆ ಇವು ಎರಡು ವಿಷಯಗಳಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಸಾವಿರ ವರ್ಷದ ಹಿಂದೆ ಇಲ್ಲಿ ಒಬ್ಬ ವ್ಯಾಪಾರಿಯೂ ಅವನ ಗುರುವೂ ಇದ್ದರು. ಅವರಿಬ್ಬರ ಮೂಲಕವೇ ನನ್ನ ಮಾತನ್ನು ಹೇಳುತ್ತೇನೆ.

ಸಾಂತರ ಅರಸುಮನೆತನದ ಮೂಲಪುರುಷ ಜಿನದತ್ತರಾಯನ ಕಥೆ ನಿಮಗೆಲ್ಲ ಗೊತ್ತು. ಪದ್ಮಾವತಿ ದೇವಿಯ ವರದಿಂದ ಅವಳ ಮೂರ್ತಿಗೆ ಕಬ್ಬಿಣ ಮುಟ್ಟಿಸಿದರೆ ಹೊನ್ನಾಗುತ್ತಿತ್ತು ಎಂಬುದನ್ನು ಶುಕ್ರವಾರ ದರ್ಶನಕ್ಕೆ ಬರುವ ದೂರದೂರಿನವರೂ ಹೇಳುತ್ತಾರೆ. ಊರಿನ ಹಳೆಯ ಹೆಸರಿನಲ್ಲೇ ಹೊನ್ನಿದೆ. ಆದರೆ ಸಾಂತರರ ಕಾಲದ ಶಾಸನಗಳಲ್ಲಿ ಎದ್ದು ಕಾಣುವುದು ಹೊನ್ನು ಬಂದ ಬಗೆಯಲ್ಲ, ಅದು ಯಾರ ಕೈಗೆ, ಯಾವ ಕೆಲಸಕ್ಕೆ ಹೋಯಿತು ಎಂಬ ಲೆಕ್ಕ. 897ರಲ್ಲಿ ವಿಕ್ರಮ ಸಾಂತರ ಮೌನಿ ಸಿದ್ಧಾಂತ ಭಟ್ಟಾರರಿಗಾಗಿ ಬಸದಿ ಕಟ್ಟಿಸಿದ. 1077ರಲ್ಲಿ ಅರಸುಮನೆತನದ ಚಟ್ಟಲದೇವಿ ಉರ್ವೀತಿಲಕವೆಂದು ಹೆಸರಾದ ಪಂಚಕೂಟ ಬಸದಿಯನ್ನು, ಅಂದರೆ ಇದೇ ಪಂಚಬಸದಿಯನ್ನು, ಕಟ್ಟಿಸಿದಳು. ತಂಗಿಯ ಮಕ್ಕಳನ್ನು ತನ್ನ ಮಕ್ಕಳಂತೆ ಸಾಕಿದ ಆ ತಾಯಿ ಬಸದಿಗೇ ನಿಲ್ಲಲಿಲ್ಲ. ಕೆರೆ, ಬಾವಿ, ಅರವಟ್ಟಿಗೆ, ಸತ್ರ, ತೋಪುಗಳನ್ನೂ ಮಾಡಿಸಿದಳು. ಈ ಇಬ್ಬರ ನಡುವೆ, 1062ರಲ್ಲಿ, ಅರಸುಮನೆತನದವನಲ್ಲದ ಒಬ್ಬನ ಹೆಸರು ಬರುತ್ತದೆ: ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ.

ಪಟ್ಟಣಸ್ವಾಮಿ ಎಂದರೆ ಪಟ್ಟಣದ ವರ್ತಕರ ಮುಖ್ಯಸ್ಥ. ಸಂತೆ, ಸುಂಕ, ತೂಕ, ಅಳತೆ, ವ್ಯಾಜ್ಯ ಎಲ್ಲ ಅವನ ಕಣ್ಣಳತೆಯಲ್ಲಿ. ವೀರಸಾಂತರನ ಆಳ್ವಿಕೆಯಲ್ಲಿ ನೊಕ್ಕಯ್ಯ ಇಲ್ಲಿ ಪಟ್ಟಣಸ್ವಾಮಿ ಜಿನಾಲಯ ಕಟ್ಟಿಸಿದ, ಕೆರೆಗಳನ್ನು ಕಟ್ಟಿಸಿದ, ನೂರು ಗದ್ಯಾಣ ಕೊಟ್ಟು ಹಳ್ಳವೊಂದರ ನೀರನ್ನು ಕೆರೆಗೆ ತಿರುಗಿಸಿದ. ಅವನ ಗುರು ದಿವಾಕರನಂದಿ ಸಿದ್ಧಾಂತದೇವರು. ಆ ಗುರು ಮಾಡಿದ ಕೆಲಸವೇನು? ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹತ್ತು ಅಧ್ಯಾಯ, 357 ಸೂತ್ರಗಳ ಸಂಸ್ಕೃತ ಗ್ರಂಥ. ಒಂದೊಂದು ಸೂತ್ರವೂ ಬೀಜದ ಹಾಗೆ, ಬಿಡಿಸಿ ಹೇಳುವವರಿಲ್ಲದೆ ಒಡೆಯುವುದಿಲ್ಲ. ಅದಕ್ಕೆ ಸಂಸ್ಕೃತದಲ್ಲಿ ದೊಡ್ಡ ದೊಡ್ಡ ವ್ಯಾಖ್ಯಾನಗಳು ಆಗಲೇ ಇದ್ದವು. ದಿವಾಕರನಂದಿ ಕನ್ನಡದಲ್ಲಿ ಲಘುವೃತ್ತಿ ಬರೆದರು. ಲಘು ಎಂಬ ಮಾತನ್ನು ಗಮನಿಸಿ. ಪಂಡಿತರ ಸಭೆಯಲ್ಲಿ ಗೆಲ್ಲುವುದಕ್ಕೆ ಬರೆಯುವ ಟೀಕೆ ಗುರುವಾಗಿರುತ್ತದೆ. ಸಂತೆ ಮುಗಿಸಿ ಬಂದು ಕೂತವನಿಗೆ ತಿಳಿಯಲಿ ಎಂದು ಬರೆಯುವುದು ಲಘುವಾಗಿರಬೇಕಾಗುತ್ತದೆ.

ನನ್ನ ವಿಷಯ ಇಷ್ಟರಲ್ಲೇ ಇದೆ. ಕೊಟ್ಟವನು ವ್ಯಾಪಾರಿ, ಶಿಷ್ಯ. ಪಡೆದವರು ತಮ್ಮ ವಿದ್ಯೆಯನ್ನು ಊರವರ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಗುರು. ಇಂದು ನಿರ್ವಹಣಾ ಶಾಲೆಗಳು ಮೊದಲಿನದನ್ನು ಬಯಸುತ್ತಿವೆ, ಎರಡನೆಯದನ್ನು ಮರೆತಿವೆ. ಎರಡನೆಯದಿಲ್ಲದೆ ಬರುವ ಹಣ ಕಟ್ಟಡವಾಗುತ್ತದೆ, ವಿದ್ಯಾಸಂಸ್ಥೆಯಾಗುವುದಿಲ್ಲ.

ಹೊರಗಿನ ದೊಡ್ಡ ಕೊಡುಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1881ರಲ್ಲಿ ಅಮೆರಿಕದ ಉದ್ಯಮಿ ಜೋಸೆಫ್ ವಾರ್ಟನ್ ಕೊಟ್ಟ ಒಂದು ಲಕ್ಷ ಡಾಲರ್‌ನಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಪಾರ ಕಲಿಸುವ ಶಾಲೆ ಹುಟ್ಟಿತು. ವಿಶ್ವವಿದ್ಯಾಲಯಗಳೊಳಗಿನ ಇಂಥ ಶಾಲೆಗಳಿಗೆಲ್ಲ ಅದೇ ಹಿರಿಯಕ್ಕ. 2010ರಲ್ಲಿ ಟಾಟಾ ಸಮೂಹ ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗೆ ಐದು ಕೋಟಿ ಡಾಲರ್ ಕೊಟ್ಟಿತು. ರತನ್ ಟಾಟಾ ಅಲ್ಲಿ ತರಬೇತಿ ಪಡೆದವರು. ನಮ್ಮಲ್ಲಿ, ಧಾರವಾಡದಲ್ಲಿ ಪಿಯುಸಿ ಓದಿದ ನಂದನ್ ನಿಲೇಕಣಿ 1973ರಲ್ಲಿ ಮುಂಬಯಿಯ ಐಐಟಿ ಸೇರಿದವರು. ಸೇರಿ ಐವತ್ತು ವರ್ಷವಾದಾಗ, 2023ರಲ್ಲಿ, ಆ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಆಸ್ಪತ್ರೆ, ವೈದ್ಯಕೀಯ ಶಾಲೆ ಕಟ್ಟಲು 425 ಕೋಟಿ ರೂಪಾಯಿ ಕೊಡಲು ಮುಂದೆ ಬಂದರು. ಬೆಂಗಳೂರಿನ ಐಐಎಂನ ಉದ್ಯಮಶೀಲತಾ ಕೇಂದ್ರಕ್ಕೆ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಎನ್. ಎಸ್. ರಾಘವನ್ ಅವರ ಹೆಸರಿದೆ. ಇವೆಲ್ಲ ಮೆಚ್ಚತಕ್ಕ ಕೊಡುಗೆಗಳು. ಆದರೆ ಮಲೆನಾಡಿನ ಒಂದು ಪದವಿ ಕಾಲೇಜಿಗೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಒಂದು ವಿಭಾಗಕ್ಕೋ ಇವು ದಾರಿ ತೋರಿಸಲಾರವು. ನಮ್ಮ ಹಳೆಯ ವಿದ್ಯಾರ್ಥಿಗಳು ಸೊಸೈಟಿಯ ಕಾರ್ಯದರ್ಶಿಗಳು, ಬ್ಯಾಂಕಿನ ಗುಮಾಸ್ತರು, ಗೊಬ್ಬರದಂಗಡಿ ಇಟ್ಟವರು, ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರು. ಅವರಿಂದ ಬರುವುದು ಐನೂರು, ಸಾವಿರ.

ಸಣ್ಣ ಹಣ ಕೂಡಿ ದೊಡ್ಡದಾಗುವ ವಿದ್ಯೆ ನಮ್ಮ ಘಟ್ಟದ ಕೆಳಗಿನವರಿಗೆ ಚೆನ್ನಾಗಿ ಗೊತ್ತಿತ್ತು. 1928ರಲ್ಲಿ ಡಾ. ಟಿ. ಎಂ. ಎ. ಪೈ ಮತ್ತು ಅವರ ಜೊತೆಯವರ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ. ಏಜೆಂಟನೇ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಚೀಟಿ ಬರೆದು ಕೊಡುತ್ತಿದ್ದ. ಅದೇ ಸಿಂಡಿಕೇಟ್ ಬ್ಯಾಂಕಾಗಿ ಬೆಳೆಯಿತು. ಅದೇ ಮನೆತನದ ಟಿ. ಎ. ಪೈ 1980ರಲ್ಲಿ ಮಣಿಪಾಲದಲ್ಲಿ ನಿರ್ವಹಣಾ ಸಂಸ್ಥೆ ಕಟ್ಟಿದರು. ಪಿಗ್ಮಿಯ ಗುಟ್ಟು ಎರಡಾಣೆಯಲ್ಲಿಲ್ಲ, ದಿನವೂ ಬಾಗಿಲಿಗೆ ಬರುವ ಆ ಮನುಷ್ಯನಲ್ಲಿದೆ. ನಮ್ಮ ಕಾಲೇಜುಗಳು ಹಳೆಯ ವಿದ್ಯಾರ್ಥಿಯ ಬಾಗಿಲಿಗೆ ಹೋಗುವುದು ಬೆಳ್ಳಿಹಬ್ಬಕ್ಕೊಮ್ಮೆ, ಸುವರ್ಣ ಮಹೋತ್ಸವಕ್ಕೊಮ್ಮೆ, ರಸೀದಿ ಪುಸ್ತಕದ ಜೊತೆ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು.

ನಮ್ಮದು ರಿಪ್ಪನ್‌ಪೇಟೆ ಕಡೆಯ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ. ಮಳೆಗಾಲದಲ್ಲಿ ಅಪ್ಪಯ್ಯ ಅಡಿಕೆ ಮಂಡಿಯಿಂದ ಮುಂಗಡ ತರುತ್ತಿದ್ದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಕ್ಕಳ ಫೀಸು ಕಟ್ಟಬೇಕು. ಸುಗ್ಗಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಏನೇ ಆಗಲಿ ಆ ಮಂಡಿಗೇ ಹಾಕಬೇಕು. ಎಂಬತ್ತರ ದಶಕದಲ್ಲಿ ಒಮ್ಮೆ, ವಿಶ್ವವಿದ್ಯಾಲಯವೊಂದರ ವಾಣಿಜ್ಯ ಅಧ್ಯಾಪಕರು ಕನ್ನಡ ಪತ್ರಿಕೆಯಲ್ಲಿ ಇದರ ಲೆಕ್ಕವನ್ನು ಬಿಡಿಸಿ ಬರೆದರು. ಹತ್ತು ಸಾವಿರ ಮುಂಗಡ, ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ, ಆರು ತಿಂಗಳಿಗೆ 900 ರೂಪಾಯಿ. ಇಷ್ಟನ್ನು ಅಪ್ಪಯ್ಯನೂ ಬಲ್ಲರು. ಆದರೆ ಸಾಲದ ಹಂಗಿಗೆ ಬಿದ್ದವನು ಧಾರಣೆ ನೋಡಿ ಕಾಯಲಾರ, ಎಲ್ಲರೂ ಮಾರುವಾಗಲೇ ಮಾರುತ್ತಾನೆ. ಕೆಜಿಗೆ ಒಂದೇ ರೂಪಾಯಿ ಕಡಿಮೆ ಸಿಕ್ಕಿತೆಂದರೂ ಹತ್ತು ಕ್ವಿಂಟಾಲಿಗೆ ಸಾವಿರ ರೂಪಾಯಿ. ಎರಡೂ ಸೇರಿ 1,900. ಆರು ತಿಂಗಳಿಗೆ ನೂರಕ್ಕೆ 19, ವರ್ಷಕ್ಕೆ 38. ಸೊಸೈಟಿ ಸಾಲದ ಬಡ್ಡಿ ಅದರ ಅರ್ಧವೂ ಇರಲಿಲ್ಲ.

ಅಪ್ಪಯ್ಯ ಆ ತುಂಡನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟರು. ಮಂಡಿಯ ಸಾಹುಕಾರರ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಕಷ್ಟಕ್ಕೆ ಆದವರು ಅವರೇ ಎಂಬ ಕೃತಜ್ಞತೆ ಕೊನೆಯವರೆಗೂ ಇತ್ತು. ಆದರೆ ಮುಂದಿನ ಮಳೆಗಾಲಕ್ಕೆ ಸೊಸೈಟಿಗೆ ಹೋಗಿ ಬೆಳೆಸಾಲಕ್ಕೆ ಅರ್ಜಿ ಹಾಕಿದರು, ಅಡಿಕೆಯನ್ನು ಸಹಕಾರ ಸಂಘದ ಮೂಲಕ ಮಾರತೊಡಗಿದರು. ಎರಡು ವರ್ಷ ಕಳೆದು ಒಂದು ದಿನ ನನ್ನ ಕೈಯಲ್ಲಿ 101 ರೂಪಾಯಿ ಕೊಟ್ಟು, "ಆ ಮೇಷ್ಟ್ರು ನಮಗೆ ಉಳಿಸಿಕೊಟ್ಟ ದುಡ್ಡಲ್ಲಿ ಒಂಚೂರಾದರೂ ಅವರ ಕಾಲೇಜಿಗೆ ಹೋಗಲಿ, ಮನಿಯಾರ್ಡರ್ ಮಾಡಿ ಬಾ" ಎಂದರು. ಅಪ್ಪಯ್ಯ ಓದಿದ್ದು ನಾಲ್ಕನೇ ಇಯತ್ತೆ. ಆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಆ ವಿಭಾಗದ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರಿರಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಪಾಠ ಕೇಳಿದರು, ಕಲಿತರು, ಗುರುದಕ್ಷಿಣೆ ಕಳಿಸಿದರು. ಮುಂದೆ ನಾನು ವಾಣಿಜ್ಯವನ್ನೇ ಓದಿ ಪಾಠ ಹೇಳುವವನಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅಧ್ಯಾಪಕ ವಿಶ್ವವಿದ್ಯಾಲಯದ ಗೋಡೆಯಾಚೆ ಮಾತಾಡಬೇಕು ಎಂಬುದು ಕನ್ನಡಕ್ಕೆ ಹೊಸತಲ್ಲ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತ್ತು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಆರೋಗ್ಯ, ಚರಿತ್ರೆ, ಅರ್ಥಶಾಸ್ತ್ರ ಹೇಳಬೇಕು. ಹೇಳಿದ್ದು ಅಗ್ಗದ ಬೆಲೆಯ ಪುಟ್ಟ ಪುಸ್ತಕವಾಗಬೇಕು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಆ ಕೆಲಸಕ್ಕೆ ಪ್ರಸಾರಾಂಗದ ಮೂಲಕ ಹೊಸ ಬಲ ಕೊಟ್ಟರು. ನಮ್ಮ ಕಾಲದಲ್ಲಿ, ಬೆಂಗಳೂರಿನ ಐಐಎಂನಲ್ಲಿ ಪಾಠ ಹೇಳಿದ ಕಥೆಗಾರ ಎಂ. ಎಸ್. ಶ್ರೀರಾಮ್ ಹಣಕಾಸಿನ ಜಗತ್ತನ್ನು ಕುರಿತು ಕನ್ನಡದಲ್ಲೂ ಬರೆಯುತ್ತಾರೆ. ಇಂಥವರು ಬೆರಳೆಣಿಕೆಯಷ್ಟು ಎಂಬುದೇ ನನ್ನ ಸಂಕಟ.

ಯಾಕೆ ಹೀಗಾಯಿತು? ಫೆಬ್ರವರಿ ಒಂದನೇ ತಾರೀಖು ಕೇಂದ್ರ ಬಜೆಟ್. ಅಂದು ಸಂಜೆ ಪ್ರಾಧ್ಯಾಪಕರಿಗೆ ಟಿವಿಯಲ್ಲಿ ಎರಡು ನಿಮಿಷ ಸಿಗುತ್ತದೆ. ವಿತ್ತೀಯ ಕೊರತೆ ಜಿಡಿಪಿಯ ಇಷ್ಟು ಶೇಕಡಾ ಎನ್ನುವಷ್ಟರಲ್ಲಿ ಜಾಹೀರಾತು ಬರುತ್ತದೆ. ಆ ಶೇಕಡಾ ಹೆಚ್ಚಾದರೆ ಹೊಸನಗರದ ಸೊಸೈಟಿಯ ಬಡ್ಡಿಗೆ ಏನಾಗುತ್ತದೆ, ಗೊಬ್ಬರದ ಚೀಲಕ್ಕೆ ಏನಾಗುತ್ತದೆ ಎಂಬುದು ಉಳಿದೇಹೋಗುತ್ತದೆ. ಸಂಸ್ಥೆಗೂ ಅದು ಬೇಕಿಲ್ಲ. 2016ರಿಂದ ಪ್ರಕಟವಾಗುತ್ತಿರುವ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ ಸಂಸ್ಥೆಯ ಬಗ್ಗೆ ಹೊರಗಿನವರಿಗೆ ಇರುವ ಅಭಿಪ್ರಾಯಕ್ಕೂ ನೂರಕ್ಕೆ ಹತ್ತು ಅಂಕವಿದೆ. ಆ ಅಭಿಪ್ರಾಯ ಹೇಳುವವರು ಉದ್ಯೋಗದಾತರು ಮತ್ತು ಇತರ ಸಂಸ್ಥೆಗಳ ವಿದ್ವಾಂಸರು. ಪಂಚಾಂಗದಲ್ಲಿ ಕತ್ತರಿಸಿಟ್ಟ ಕಾಗದದ ತುಂಡಿಗೆ ಅಂಕವಿಲ್ಲ. ಹೀಗಾಗಿ ಅಧ್ಯಾಪಕರ ಹೆಸರು ಪತ್ರಿಕೆಯಲ್ಲಿ ಎಷ್ಟು ಸಲ ಬಂತು ಎಂದು ಎಣಿಸಲು ಜನರಿದ್ದಾರೆ, ಓದಿದವನಿಗೆ ಏನಾಯಿತು ಎಂದು ಕೇಳುವವರಿಲ್ಲ.

ಅರ್ಥವಾಗುವಂತೆ ಹೇಳಿದರೆ ಇನ್ನೊಂದು ಅಪಾಯವೂ ಇದೆ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ಒಂದು ಬಗೆಯ ಚೀಟಿ ವ್ಯವಹಾರದ ಬಗ್ಗೆ ಪತ್ರಿಕೆಗೆ ಬರೆದರು. ಯಾರ ಹೆಸರನ್ನೂ ಹೇಳಿರಲಿಲ್ಲ, ಲೆಕ್ಕವನ್ನಷ್ಟೇ ಬಿಡಿಸಿದ್ದರು. ಆ ವ್ಯವಹಾರದವರೊಬ್ಬರು ಸಂಸ್ಥೆಯ ಸಭಾಭವನಕ್ಕೆ ಹಣ ಕೊಟ್ಟಿದ್ದರು. ಸಮಿತಿಯ ಸಭೆಯಲ್ಲಿ, ಇನ್ನು ಮುಂದೆ ಪತ್ರಿಕೆಗೆ ಬರೆಯುವ ಮೊದಲು ಅನುಮತಿ ಪಡೆಯಬೇಕು ಎಂಬ ಒಂದು ಸಾಲಿನ ಸೂಚನೆ ಬಂತು. ಆ ಸಭೆಯಲ್ಲಿ ನಾನೂ ಇದ್ದೆ. ಮಾತಾಡಬೇಕಿತ್ತು, ಮಾತಾಡಲಿಲ್ಲ. ಅವರು ಮತ್ತೆ ಬರೆಯಲಿಲ್ಲ. ಇದನ್ನು ಈ ವೇದಿಕೆಯಲ್ಲಿ ಹೇಳದೆ ಹೋದರೆ ನೊಕ್ಕಯ್ಯನ ಹೆಸರೆತ್ತುವ ಹಕ್ಕು ನನಗಿರುವುದಿಲ್ಲ.

ಏಕೆಂದರೆ ನಮ್ಮ ಶಾಸನಗಳಲ್ಲಿ ದಾನದ ಕ್ರಮವೇ ಬೇರೆ. ಕೊಡುವವನು ಪಡೆಯುವ ಗುರುವಿನ ಕಾಲು ತೊಳೆದು, ನೀರೆರೆದು ಕೊಡುತ್ತಾನೆ. ನೀರು ಬಿದ್ದ ಮೇಲೆ ಹಕ್ಕು ಹೋಯಿತು. ಮತ್ತೆ ಕೈಹಾಕಿದವನಿಗೆ ಎಂಥ ಪಾಪ ಬರುತ್ತದೆ ಎಂಬ ಶಾಪವಾಕ್ಯ ಕೊನೆಯಲ್ಲಿರುತ್ತದೆ. ಆ ಶಾಪ ಕಳ್ಳರಿಗೆ ಮಾತ್ರವಲ್ಲ, ಕೊಟ್ಟವನಿಗೂ ಅವನ ಮಕ್ಕಳಿಗೂ ಅನ್ವಯಿಸುತ್ತದೆ. ಇಲ್ಲಿನ ಕಲ್ಲುಗಳನ್ನು ಓದಿದರೆ ದಾನಿಯ ವಂಶದಷ್ಟೇ ವಿಸ್ತಾರವಾಗಿ ಗುರುಗಳ ಪರಂಪರೆ ಬರುತ್ತದೆ, ಯಾರ ಶಿಷ್ಯ ಯಾರು, ಯಾರು ಯಾವ ಶಾಸ್ತ್ರದಲ್ಲಿ ದೊಡ್ಡವರು ಎಂದು. ನಮ್ಮ ಕಾಲೇಜುಗಳ ಅಮೃತಶಿಲೆಯ ಫಲಕದಲ್ಲಿ ದಾನಿಯ ಹೆಸರು, ಉದ್ಘಾಟಿಸಿದ ಮಂತ್ರಿಯ ಹೆಸರು ಇರುತ್ತದೆ. ಆ ಕೋಣೆಯಲ್ಲಿ ಪಾಠ ಹೇಳಿದವರ ಹೆಸರನ್ನು ನಾನು ಎಲ್ಲಿಯೂ ನೋಡಿಲ್ಲ. ದತ್ತಿಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ದಾನಿಯ ವ್ಯವಹಾರವೂ ಸೇರಿ ಯಾವುದೇ ವ್ಯವಹಾರದ ಬಗ್ಗೆ ಅಧ್ಯಾಪಕ ತನಗೆ ಸರಿಕಂಡದ್ದನ್ನು ಬರೆಯಬಹುದು, ಅದಕ್ಕೆ ಈ ದತ್ತಿ ಅಡ್ಡಬಾರದು. ಇದಕ್ಕೆ ಒಪ್ಪದವರ ಹಣವನ್ನು ವಂದಿಸಿ ಹಿಂದಿರುಗಿಸಬೇಕು.

ಇನ್ನು ಹಣದ ಮಾತು. ದತ್ತಿಯನ್ನು ನಾವು ಶಾಶ್ವತ ಎನ್ನುತ್ತೇವೆ. ಲೆಕ್ಕ ಕಲಿಸಿದವನಾಗಿ ಹೇಳುತ್ತೇನೆ, ಈಗ ನಾವು ಇಡುತ್ತಿರುವ ರೀತಿಯಲ್ಲಿ ಅದು ಶಾಶ್ವತವಲ್ಲ. 1985ರಲ್ಲಿ ಒಬ್ಬರು ಚಿನ್ನದ ಪದಕಕ್ಕೆಂದು ಹತ್ತು ಸಾವಿರ ಇಟ್ಟರು ಎನ್ನಿ. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಸಾವಿರ ರೂಪಾಯಿ ಬಂತು, ಅಂದಿನ ದರದಲ್ಲಿ ನಾಲ್ಕು ಗ್ರಾಮಿನ ಮೇಲೆ ಬಂಗಾರ ಬರುತ್ತಿತ್ತು. ಇಂದು ನೂರಕ್ಕೆ ಏಳು ಸಿಕ್ಕಿತೆಂದರೂ 700 ರೂಪಾಯಿ. ಅದಕ್ಕೆ ಪದಕ ಇಡುವ ಡಬ್ಬಿ ಬಂದೀತು. ಪದಕ ಕ್ರಮೇಣ ಬೆಳ್ಳಿಯಾಗುತ್ತದೆ, ಪ್ರಮಾಣಪತ್ರವಾಗುತ್ತದೆ, ಕೊನೆಗೆ ನಿರೂಪಕರು ಓದಿ ಬಿಡುವ ಒಂದು ಹೆಸರಾಗುತ್ತದೆ. ಮೂಲಧನ ಒಂದು ಪೈಸೆಯೂ ಕರಗಿಲ್ಲ ಎಂದು ಲೆಕ್ಕಪರಿಶೋಧಕರು ಬರೆಯುತ್ತಾರೆ. ಕರಗಿದ್ದು ಅದರ ಕೊಳ್ಳುವ ಶಕ್ತಿ.

ಹಳಬರು ಇದನ್ನು ಬಲ್ಲವರಾಗಿದ್ದರು. ಅವರು ಗದ್ಯಾಣವನ್ನೂ ಇಟ್ಟರು, ಆದರೆ ಹೆಚ್ಚಾಗಿ ಕೊಟ್ಟದ್ದು ಗದ್ದೆ. ಭತ್ತದ ಬೆಲೆ ಏರಿದರೆ ದತ್ತಿಯ ಬೆಲೆಯೂ ಏರುತ್ತದೆ. ಗದ್ದೆಗೆ ನೀರು ಬೇಕು, ಅದಕ್ಕೆ ಕೆರೆ. ನೊಕ್ಕಯ್ಯ ಬಸದಿಯ ಜೊತೆ ಕೆರೆಗಳನ್ನು ಕಟ್ಟಿಸಿದ್ದು, ಹಳ್ಳ ತಿರುಗಿಸಿದ್ದು ಪುಣ್ಯಕ್ಕಾಗಿ ಮಾತ್ರ ಅಲ್ಲ, ಒಳ್ಳೆಯ ವರ್ತಕನ ಲೆಕ್ಕಾಚಾರವೂ ಅದರಲ್ಲಿದೆ ಎಂದು ನಾನು ಓದುತ್ತೇನೆ. ದಾನಶಾಸನಗಳಲ್ಲಿ ಪೂಜೆ, ಆಹಾರದಾನಗಳ ಜೊತೆ ಒಡೆದು ಬಿರಿದದ್ದರ ಜೀರ್ಣೋದ್ಧಾರಕ್ಕೂ ಬಾಬು ತೆಗೆದಿಡುತ್ತಿದ್ದರು. ಕಟ್ಟುವ ದಿನವೇ ಒಡೆಯುವ ದಿನದ ಖರ್ಚಿಗೆ ದಾರಿ ಮಾಡುತ್ತಿದ್ದರು. ನೊಕ್ಕಯ್ಯನ ಕಾಲದ್ದೇ, 1058ರ, ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ ಶಾಸನ ನೋಡಿ. ವೇದ ಓದುವ 200, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಉಪಾಧ್ಯಾಯರು, ಅವರ ಜೊತೆಗೆ ಗ್ರಂಥಭಂಡಾರ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಆರು ಜನ! ಗ್ರಂಥಪಾಲಕರ ಹುದ್ದೆ ಖಾಲಿ ಬಿದ್ದಿರುವ ಕಾಲೇಜುಗಳಲ್ಲಿ ಕೆಲಸ ಮಾಡಿದ ನನಗೆ ಆ ಸಂಖ್ಯೆ ಓದಿದಾಗಲೆಲ್ಲ ಎದೆ ತುಂಬುತ್ತದೆ. ಅದಕ್ಕೂ ಮೊದಲಿನ, 945ರ, ಸಾಲೋಟಗಿಯ ಶಾಲೆಗೆ ದೀಪದೆಣ್ಣೆಗೆಂದೇ ಹನ್ನೆರಡು ನಿವರ್ತನ ಭೂಮಿ ಇತ್ತು. ಊರಲ್ಲಿ ಮದುವೆ, ಮುಂಜಿ, ಚೌಲ ಆದಾಗ ಇಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ಅರಸನ ಮಂತ್ರಿ ಕಟ್ಟಿಸಿದ ಶಾಲೆಯನ್ನು ಊರಿನ ಶುಭಕಾರ್ಯಗಳು ಸಾಕಿದವು.

ಮುಂದಿನ ಸವೆತಕ್ಕೆ ಮೊದಲೇ ಬಾಬು ತೆಗೆದಿಡುವ ಆ ಹಳಬರ ನಿಯಮವನ್ನು ಈ ಊರಿನ ಈ ದತ್ತಿಗೂ ತರೋಣ ಎಂದು ಸಂಚಾಲಕರಲ್ಲಿ ಕೇಳಿಕೊಂಡಿದ್ದೇನೆ. ಲಕ್ಷ ರೂಪಾಯಿಗೆ ಏಳು ಸಾವಿರ ಬಡ್ಡಿ ಬಂದರೆ ನಾಲ್ಕು ಸಾವಿರ ಖರ್ಚು ಮಾಡಿ ಮೂರು ಸಾವಿರ ಮೂಲಕ್ಕೇ ಸೇರಿಸಬೇಕು. ಮೊದಲ ವರ್ಷಗಳಲ್ಲಿ ಶಾಲು ಚಿಕ್ಕದಾಗುತ್ತದೆ, ಫಲತಾಂಬೂಲವಷ್ಟೇ ಆಗುತ್ತದೆ. ಆಗಲಿ. ದಾನಿಗಳ ಮನೆಯವರು ಇದಕ್ಕೆ ಒಪ್ಪಿದ್ದಾರೆ.

ಈ ಉಪನ್ಯಾಸದ ಜೊತೆ ಇನ್ನೊಂದು ಕೆಲಸವೂ ಸೇರಲಿ ಎಂಬುದು ನನ್ನ ಕೋರಿಕೆ. ಅಡಿಕೆಯ ಎಲೆಚುಕ್ಕೆ ರೋಗ ಈ ಭಾಗದ ತೋಟಗಳನ್ನು ಹೇಗೆ ಹಿಂಡಿದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಅದರ ಔಷಧದ ಬಗ್ಗೆ ಹೇಳಲು ಕೃಷಿ ವಿಜ್ಞಾನಿಗಳು ಬರುತ್ತಾರೆ. ಆದರೆ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ಮಳೆಮಾಪಕದ ಅಂಕಿಯಿಂದ ಹೇಗೆ ಲೆಕ್ಕವಾಗುತ್ತದೆ, ಗದ್ದೆ ತೆಗೆದು ಅಡಿಕೆ ಹಾಕಿದರೆ ಆರೇಳು ವರ್ಷ ಆದಾಯವಿಲ್ಲದ ಸಾಲವನ್ನು ಹೊರುವುದು ಹೇಗೆ, ಹೊರದೇಶದಿಂದ ಅಡಿಕೆ ಬಂದಾಗ ಶಿವಮೊಗ್ಗದ ಧಾರಣೆ ಯಾಕೆ ಅಲುಗುತ್ತದೆ, ಇವು ನಿರ್ವಹಣಾಶಾಸ್ತ್ರದ ಪ್ರಶ್ನೆಗಳು. 1970ರ ದಶಕದ ಮೊದಲಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರಂಥವರು ಬೆಳೆಗಾರರನ್ನು ಕೂರಿಸಿಕೊಂಡು ಕಾರಣ ಹೇಳಿದರು. ಆ ಮಾತುಗಳಿಂದ 1973ರಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಅಂಥದೇ ಸಂಸ್ಥೆಯಾದ ಶಿವಮೊಗ್ಗದ ಮ್ಯಾಮ್‌ಕೋಸ್ 1939ರಿಂದಲೇ ಇದೆ. ಈ ಸಂಸ್ಥೆಗಳ ಇತಿಹಾಸ, ಲೆಕ್ಕ, ಏಳುಬೀಳು ನಮ್ಮ ವಿದ್ಯಾರ್ಥಿಗಳ ಪಾಠದಲ್ಲಿಲ್ಲ. ಅವರು ಹಾರ್ವರ್ಡ್ ಬರೆದುಕೊಟ್ಟ ಅಮೆರಿಕದ ಕಂಪನಿಗಳ ಪ್ರಕರಣಗಳನ್ನು ಬಾಯಿಪಾಠ ಮಾಡುತ್ತಾರೆ.

ಆದ್ದರಿಂದ ಒಂದು ಸಣ್ಣ ಆರಂಭ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ನಿಮ್ಮೆಲ್ಲರ ಮನೆಗೂ ವರದಿ ಪುಸ್ತಕ ಬರುತ್ತದೆ. ಅದರ ಹಿಂಭಾಗದ ಹಾಳೆಗಳಲ್ಲಿ ಅಢಾವೆ ಪತ್ರಿಕೆ, ಲಾಭನಷ್ಟದ ತಃಖ್ತೆ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದನ್ನು ಯಾರೂ ಓದುವುದಿಲ್ಲ, ಸಭೆಯಲ್ಲಿ ಮಂಜೂರಾತಿಗೆ ಕೈ ಎತ್ತುತ್ತೇವೆ. ಆಗಸ್ಟ್ ಕೊನೆಯ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಇದೇ ಸಭಾಂಗಣದಲ್ಲಿ ಇರುತ್ತೇನೆ. ನನ್ನ ಜೊತೆ ಇಬ್ಬರು ಕಿರಿಯ ಅಧ್ಯಾಪಕರು ಬರುತ್ತಾರೆ, ಅವರಲ್ಲೊಬ್ಬರು ಇದೇ ಹೊಸನಗರ ತಾಲ್ಲೂಕಿನ ಹುಡುಗಿ. ವೇದಿಕೆ ಇರುವುದಿಲ್ಲ, ಹಾರ ಇರುವುದಿಲ್ಲ. ನಿಮ್ಮ ಸಂಘದ ವರದಿ ಪುಸ್ತಕ, ಒಂದು ಪೆನ್ಸಿಲ್ ತನ್ನಿ. ಮೊದಲ ಸಾಲಿನಿಂದ ಶುರು ಮಾಡೋಣ.